ಪೇಟೆಯ ಆಚಾರ್ರ ಅಂಗಡಿ: ಮೂರು ತಲೆಮಾರಿನಿಂದ ಅಂತ್ಯಸಂಸ್ಕಾರದ ಕೆಲಸ ನೋಡಿಕೊಂಡ ಮನೆತನದ ಬಗ್ಗೆ ಬಲ್ಲವರು ಬರೆಯಿರಿ

ತುಂಗಾತೀರ (ಚರ್ಚೆ ಆರಂಭಿಸಿದವರು):

ಕಳೆದ ಆಷಾಢದಲ್ಲಿ ನಮ್ಮ ತಂದೆಯವರು ತೀರಿಕೊಂಡಾಗ ರಾತ್ರಿ ಎರಡು ಗಂಟೆಯಾಗಿತ್ತು. ತೋಟದ ನಡುವೆ ನಮ್ಮದು ಒಂಟಿ ಮನೆ. ಮೂರು ದಿನಗಳಿಂದ ಕರೆಂಟ್ ಇರಲಿಲ್ಲ. ಹತ್ತಿರದ ಮನೆಯೆಂದರೆ ಗದ್ದೆಯ ಅಂಚು ಹಿಡಿದು, ಸಂಕ ದಾಟಿ, ಅರ್ಧ ಮೈಲಿ ನಡೆಯಬೇಕು. ಆ ಮನೆಯಲ್ಲಿಯೂ ಇರುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ ಮಾತ್ರ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಯಾರಿಗೆ ಮೊದಲು ತಿಳಿಸಲಿ ಎಂದು ಅಮ್ಮನನ್ನು ಕೇಳಿದೆ. ಚಿಕ್ಕಪ್ಪನ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಹೇಳಿದ್ದು, "ಪೇಟೆಯ ಆಚಾರ್ರ ಅಂಗಡಿಗೆ ಫೋನ್ ಮಾಡು, ಆಮೇಲೆ ನೆಂಟರಿಗೆ ಹೇಳಿದರಾಯಿತು" ಎಂದು.

ಬೆಳಗಾಗುವ ಮುನ್ನವೇ ಅವರ ವ್ಯಾನ್ ಅಂಗಳಕ್ಕೆ ಬಂದಿತ್ತು. ಬಿದಿರು, ಹುರಿಹಗ್ಗ, ಬಿಳಿ ಬಟ್ಟೆ, ಮಡಕೆ, ತುಪ್ಪ, ಕರ್ಪೂರ, ದರ್ಭೆ, ಬಾಯಿಗೆ ಹಾಕುವ ಅಕ್ಕಿಗೆ ಒಂದು ಬಾಳೆಲೆ ಸಹ, ಎಲ್ಲವೂ ಅದರಲ್ಲಿತ್ತು. ನಾವು ಯಾವುದನ್ನೂ ಕೇಳಲಿಲ್ಲ, ಅವರೂ ಏನೇನು ಬೇಕೆಂದು ಕೇಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಹಣ ಕೊಡಲು ಹೋದಾಗ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ಅಂದಿನಿಂದ ಈ ಮನೆತನದ ಇತಿಹಾಸವನ್ನು ಬರೆದಿಡಬೇಕೆಂಬ ಆಸೆ ಹುಟ್ಟಿದೆ.

ನಾನು ಕೇಳಿ ತಿಳಿದಂತೆ, ಈಗಿನ ಯಜಮಾನರ ಅಜ್ಜ ಬಡಗಿ. ಬಾಗಿಲು, ಕಿಟಕಿ, ಅಡಿಕೆ ಬೇಯಿಸುವ ಮನೆಗಳ ಅಟ್ಟ, ನೇಗಿಲು ಮಾಡುತ್ತಿದ್ದವರು. ಕೇರಳದಿಂದ ಬಂದು ನಮ್ಮ ಗುಡ್ಡಗಳಲ್ಲಿ ರಬ್ಬರ್ ಹಾಕಿದ ಕ್ರೈಸ್ತ ಕುಟುಂಬಗಳಲ್ಲಿ ಸಾವಾದಾಗ ಶವಪೆಟ್ಟಿಗೆಗಾಗಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕಿತ್ತಂತೆ. ಒಮ್ಮೆ ಮಳೆಯಲ್ಲಿ ಹೋಗಲಾಗದೆ ಇವರ ಬಳಿ ಬಂದು ಕೇಳಿಕೊಂಡರು. ಅಜ್ಜ ಮನೆಕೆಲಸಕ್ಕೆಂದು ತಂದಿಟ್ಟಿದ್ದ ಹಲಸಿನ ಹಲಗೆಯಲ್ಲಿ ರಾತ್ರೋರಾತ್ರಿ ಪೆಟ್ಟಿಗೆ ಮಾಡಿಕೊಟ್ಟರು. ಕೆಲಸದ ಆರಂಭ ಅದು. ಮಗನ ಕಾಲಕ್ಕೆ ಬಿದಿರು, ಮಡಕೆ, ಗ್ರಂಥಿಗೆ ಸಾಮಾನು ಸೇರಿತು. ಮೊಮ್ಮಗನ ಕಾಲಕ್ಕೆ ವ್ಯಾನ್ ಮತ್ತು ಶೀತಲ ಪೆಟ್ಟಿಗೆ ಬಂದವು. ಇಂದು ಅಲ್ಲಿ ಯಜಮಾನರು, ಲೆಕ್ಕ ಬರೆಯುವ ಅವರ ಸೊಸೆ, ಚಾಲಕರೊಬ್ಬರು, ಸಿದಿಗೆ ಕಟ್ಟುವ ವಯಸ್ಸಾದವರೊಬ್ಬರು, ಕಾಷ್ಠ ಒಟ್ಟಲು ಜೊತೆಗೆ ಹೋಗುವ ಇಬ್ಬರು ಇದ್ದಾರೆ. ಫಲಕದ ಮೇಲೆ ಈಗಲೂ ‘ಮರಗೆಲಸ’ ಎಂದಷ್ಟೇ ಬರೆದಿದೆ. ನಮ್ಮ ಸೀಮೆಯಲ್ಲಿ ಇಂಥ ಮನೆತನಗಳನ್ನು ಬಲ್ಲವರು ದಯವಿಟ್ಟು ಬರೆಯಿರಿ. ಊರಿನ ಮತ್ತು ವ್ಯಕ್ತಿಗಳ ಹೆಸರು ಬೇಡ.

ಹೊಸನಗರ ಸೀಮೆಯ ಮೇಷ್ಟ್ರು:

ತಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ಆದರೆ ಒಂದು ಮಾತು ಹೇಳಲೇಬೇಕು. ನಾನು ಚಿಕ್ಕವನಿದ್ದಾಗ ಸಾವಿಗೆ ಅಂಗಡಿ ಎಂಬುದಿರಲಿಲ್ಲ, ಮತ್ತು ಯಾರಾದರೂ ಹಣದ ಮಾತೆತ್ತಿದ್ದರೆ ಅದು ಊರಿಗೆ ಮಾಡಿದ ಅಪಮಾನವಾಗುತ್ತಿತ್ತು. ಸುದ್ದಿ ಹೇಳಲು ಒಬ್ಬ ಹೊರಡುತ್ತಿದ್ದ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಕತ್ತಿ ಹಿಡಿದು ಬರುತ್ತಿದ್ದರು. ಮನೆಯ ಹಿತ್ತಲಿನ ಮಾವಿನ ಮರವೊಂದನ್ನು ಕಡಿಯುವುದು ರೂಢಿ. ಕೆಲವು ಮನೆಗಳಲ್ಲಿ ಯಜಮಾನ ಬದುಕಿರುವಾಗಲೇ "ಈ ಮರ ನನಗೆ" ಎಂದು ತೋರಿಸಿಡುತ್ತಿದ್ದ. ಹಸಿ ಮಾವು ಒಂದರಿಂದಲೇ ಬೆಂಕಿ ಹತ್ತುವುದಿಲ್ಲವಾದ್ದರಿಂದ ಬಂದವರು ತಮ್ಮ ತಮ್ಮ ಸೌದೆ ಕೊಟ್ಟಿಗೆಯಿಂದ ಒಣಕುಂಟೆಗಳನ್ನೂ ತೆಂಗಿನ ಕರಟವನ್ನೂ ಹೊತ್ತು ತರುತ್ತಿದ್ದರು.

ಒಂದು ಶವಕ್ಕೆ ಸುಮಾರು 300ರಿಂದ 400 ಕಿಲೋ ಒಣ ಕಟ್ಟಿಗೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಕಾಷ್ಠದ ಮೇಲೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ, ಗಾಳಿ ಬಂದ ಕಡೆಗೆ ಇನ್ನೊಂದು ತಗಡನ್ನು ಇಬ್ಬರು ಹಿಡಿದು ನಿಲ್ಲುತ್ತಿದ್ದರು. ಬೆಳಗಿನ ತನಕ ಹಾಗೆ ನಿಂತವರಲ್ಲಿ ನಾನೂ ಒಬ್ಬ. ಈಗ ಪಂಚಾಯಿತಿಯವರು ತಗಡಿನ ಮಾಡು ಮತ್ತು ಕಬ್ಬಿಣದ ತೊಟ್ಟಿಲು ಮಾಡಿಸಿದ್ದಾರೆ, ಒಳ್ಳೆಯದೇ ಆಯಿತು.

ನಮ್ಮ ತಾಯಿಯ ತವರಿನ ಕಡೆಯವರಿಗೆ ಹಿರಿಯರನ್ನು ಸುಟ್ಟ ಜಾಗವೂ ಉಳಿದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ಸುಡುಗಾಡು ಎಲ್ಲವೂ ಮುಳುಗಿದವು. ಹೊಸ ಊರಿಗೆ ಹೋದವರಿಗೆ ಹೆಗಲು ಕೊಡಲು ಪರಿಚಯದ ನಾಲ್ಕು ಜನ ಸಿಗದಿದ್ದುದೇ ದೊಡ್ಡ ದುಃಖವಾಗಿತ್ತು ಎಂದು ಅಮ್ಮ ಹೇಳುತ್ತಿದ್ದರು. ಹಾಗಾಗಿ ಅಂಗಡಿಯ ಇತಿಹಾಸ ಬರೆಯುವಾಗ ಅದರ ಹಿಂದಿನ ನೆರೆಹೊರೆಯ ಇತಿಹಾಸವನ್ನು ಮರೆಯಬೇಡಿ.

ಗುದ್ದಲಿ:

ಮೇಷ್ಟ್ರ ಬರಹವನ್ನು ಎರಡು ಸಲ ಓದಿದೆ. "ಊರವರೆಲ್ಲ ಸೇರಿ" ಎಂದು ನಮ್ಮ ಕಡೆ ಯಾರು ಬರೆದರೂ ನಮ್ಮ ಅಜ್ಜ ಆ ‘ಎಲ್ಲ’ದೊಳಗೆ ಇರುವುದಿಲ್ಲ. ಸುದ್ದಿ ಹೇಳಲು ಹೊರಟ ‘ಒಬ್ಬ’ ನಮ್ಮ ಅಜ್ಜ. ಹೂಳುವ ಜಾತಿಗಳವರಿಗೆ ಗುಂಡಿ ತೋಡುತ್ತಿದ್ದವರು ನಮ್ಮ ಅಜ್ಜ ಮತ್ತು ಅವರ ಜೊತೆಗಾರರು. ಹೆಣದ ಮುಂದೆ ಹಲಗೆ ಬಡಿಯುತ್ತಿದ್ದವರು ನಮ್ಮ ದೊಡ್ಡಪ್ಪ. ಇವರು ಬರುತ್ತಿದ್ದುದು ಪ್ರೀತಿಯಿಂದ ಕತ್ತಿ ಹಿಡಿದು ಅಲ್ಲ, ಬರಲೇಬೇಕಿತ್ತು. ಬಾರದಿದ್ದರೆ ಮರುದಿನ ಗದ್ದೆ ಕೆಲಸವಿಲ್ಲ.

ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ 1961ರಲ್ಲಿ ಬಂತು, 1963ರಲ್ಲಿ ಜಾರಿಯಾಯಿತು. ಕಾಗದದಲ್ಲಿ ಹುದ್ದೆ ಹೋದರೂ ಸಾವಿನ ಮನೆಯ ಕರೆ ನಿಲ್ಲಲಿಲ್ಲ. ಕೂಲಿ ಎಂದರೆ ಹೆಣದ ಮೇಲೆ ಹೊದಿಸಿದ ಬಟ್ಟೆ, ಒಂದಿಷ್ಟು ಅಕ್ಕಿ, ಕಾಯಿ, ಚಿಲ್ಲರೆ ಕಾಸು. ಹರಿಶ್ಚಂದ್ರನ ಕಥೆಯಲ್ಲಿ ಸುಡುಗಾಡು ಕಾಯುವವನು ನೆಲದೆರೆ ಕೇಳುತ್ತಾನಲ್ಲ, ಅದನ್ನು ಕೇಳಿ ಜನ ಕಣ್ಣೀರು ಹಾಕುತ್ತಾರೆ, ರಾಜನಿಗೆ ಈ ಗತಿ ಬಂತಲ್ಲ ಎಂದು. ರಾಜನಲ್ಲದವನು ದಿನವೂ ಅದನ್ನೇ ಮಾಡಿದರೆ ಅಳುವವರಿಲ್ಲ.

ಗುಂಡಿ ತೋಡುವುದನ್ನು ಸುಲಭವೆಂದುಕೊಂಡವರಿಗಾಗಿ ಬರೆಯುತ್ತೇನೆ. ನಮ್ಮ ನೆಲ ಮೇಲೆ ಎರಡಡಿ ಕೆಮ್ಮಣ್ಣು, ಕೆಳಗೆ ಜಂಬಿಟ್ಟಿಗೆ. ಬೇಸಿಗೆಯಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಮಳೆಗಾಲದಲ್ಲಿ ಮೂರಡಿಗೆ ನೀರು ಬಂದು, ಒಬ್ಬ ತೋಡುತ್ತಿದ್ದರೆ ಇನ್ನೊಬ್ಬ ಕೊಡದಲ್ಲಿ ಎತ್ತಿ ಹಾಕುತ್ತಿರಬೇಕು. ಲಿಂಗಾಯತರ ಸಮಾಧಿಯಾದರೆ ಚೌಕಕ್ಕೆ ತೋಡಿ, ಶವವನ್ನು ಕುಳ್ಳಿರಿಸಲು ಒಳಗೆ ಗೂಡು ಕೊರೆಯಬೇಕು. ವಿಭೂತಿ, ಬಿಲ್ವಪತ್ರೆ ಹಿಡಿದು ಸ್ವಾಮಿಗಳು ಬರುವ ಹೊತ್ತಿಗೆ ಗೋಡೆ ಕುಸಿಯಬಾರದು. ಈ ಲೆಕ್ಕವನ್ನು ಅಜ್ಜ ಗೇಣು, ಮೊಳದಲ್ಲಿ ಹಾಕುತ್ತಿದ್ದರು, ಒಮ್ಮೆಯೂ ತಪ್ಪಿದ್ದನ್ನು ಕೇಳಿಲ್ಲ.

ಬೆಂಗಳೂರಿನ ಚಿತಾಗಾರಗಳ ನೌಕರರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯಬೇಕೆಂದು ಸರ್ಕಾರ ಹೇಳಿದೆ. ಒಳ್ಳೆಯ ಹೆಸರು. ಹಳ್ಳಿಗಳ ಮಸಣ ಕಾರ್ಮಿಕರು ಕೇಳುತ್ತ ಬಂದಿರುವುದು ಹೆಸರನ್ನಲ್ಲ, ತೋಡಿದ ಗುಂಡಿಗೆ ಕೂಲಿಯನ್ನು. ಆಚಾರ್ರ ಅಂಗಡಿಯ ಬಗ್ಗೆ ನನಗೆ ದ್ವೇಷವಿಲ್ಲ. ನಿಜ ಹೇಳಬೇಕೆಂದರೆ, ನಮ್ಮ ದೊಡ್ಡಪ್ಪನ ಕೈಗೆ ಬಟ್ಟೆಯ ಬದಲು ನೋಟು ಕೊಟ್ಟ ಮೊದಲಿಗರು ಆ ಅಂಗಡಿಯ ಎರಡನೆಯ ತಲೆಮಾರಿನವರೇ.

ಸಾಗರದ ಓದುಗಿ:

ಚಿಕ್ಕ ಪ್ರಶ್ನೆ. ಲೆಕ್ಕ ಬರೆಯುವ ಸೊಸೆಯ ಬಗ್ಗೆ ಒಂದೇ ಪದದಲ್ಲಿ ಮುಗಿಸಿದ್ದೀರಿ. ಹೆಂಗಸರು ಸುಡುಗಾಡಿಗೆ ಬರಬಾರದೆಂಬ ಊರಿನಲ್ಲಿ ಆ ಹೆಣ್ಣುಮಗಳು ದಿನವೂ ಸಾವಿನ ಸುದ್ದಿಯನ್ನು ಮೊದಲು ಕೇಳಿಸಿಕೊಳ್ಳುವವರು ಎಂಬುದು ನಿಮಗೆ ವಿಶೇಷವೆನಿಸಲಿಲ್ಲವೇ? ನಮ್ಮ ಮನೆಯಲ್ಲಿ ಅಪ್ಪನಿಗೆ ಕೊಳ್ಳಿ ಇಟ್ಟವಳು ನಾನು. ಗಂಡು ದಿಕ್ಕಿಲ್ಲದ ಮನೆ. ಭಟ್ಟರು ಹಿಂದೆಮುಂದೆ ನೋಡಿದರು, ನೆಂಟರು ದಾಯಾದಿಯೊಬ್ಬನನ್ನು ಹುಡುಕಲು ಹೊರಟರು. ಮಡಕೆಯನ್ನು ನನ್ನ ಹೆಗಲಿಗೆ ಇಟ್ಟು "ಹೀಗೆ ಹಿಡಿದುಕೊಳ್ಳಮ್ಮ, ಹಿಂದೆ ತಿರುಗಿ ನೋಡಬೇಡ" ಎಂದವರು ಸಾಮಾನು ತಂದಿದ್ದ ಅಂಗಡಿಯ ಕೆಲಸದವರು.

ಓಹಾಯೋದಿಂದ ಶಿವಮೊಗ್ಗದವ:

ಇಪ್ಪತ್ತು ವರ್ಷಗಳಿಂದ ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದೇನೆ. ಬಡಗಿಯೇ ಈ ಕೆಲಸಕ್ಕಿಳಿದದ್ದನ್ನು ಓದಿ ಆಶ್ಚರ್ಯವಾಯಿತು, ಏಕೆಂದರೆ ಇಲ್ಲಿನ ‘ಫ್ಯೂನರಲ್ ಹೋಮ್’ಗಳ ಕಥೆಯೂ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕುರ್ಚಿ, ಮೇಜು ಮಾಡುವವರೇ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದರು. ಹಳೆಯ ಫಲಕಗಳಲ್ಲಿ ಪೀಠೋಪಕರಣ ಮತ್ತು ಅಂತ್ಯಸಂಸ್ಕಾರ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದರು. ಶವವನ್ನು ಮನೆಯ ಹಜಾರದಲ್ಲಿಯೇ ಇಡುತ್ತಿದ್ದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದೂರದ ರಣರಂಗದಲ್ಲಿ ಸತ್ತ ಸೈನಿಕರನ್ನು ಮನೆಗೆ ತರಲು ಶವಕ್ಕೆ ರಾಸಾಯನಿಕ ತುಂಬಿ ಕಾಪಿಡುವ ಪದ್ಧತಿ ಹಬ್ಬಿತು. 1865ರಲ್ಲಿ ಲಿಂಕನ್ನರ ದೇಹವನ್ನು ಹಾಗೆ ಕಾಪಿಟ್ಟು ರೈಲಿನಲ್ಲಿ ವಾಷಿಂಗ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ ಊರೂರು ದಾಟಿಸಿಕೊಂಡು ಒಯ್ದುದರಿಂದ ಜನಸಾಮಾನ್ಯರಿಗೂ ಅದು ಪರಿಚಯವಾಯಿತು. ಕಾಲಕ್ರಮದಲ್ಲಿ ಸಾವು ಮನೆಯ ಹಜಾರದಿಂದ ಈ ಕೆಲಸ ಮಾಡುವ ಕುಟುಂಬದವರ ಕಟ್ಟಡಕ್ಕೆ ಸ್ಥಳಾಂತರವಾಯಿತು. ಕೆಳಗೆ ದರ್ಶನದ ಕೋಣೆ, ಮಹಡಿಯಲ್ಲಿ ಅವರ ಸಂಸಾರ.

ನಮ್ಮ ಊರಿನ ಆ ಮನೆಯಲ್ಲಿ ನಾಲ್ಕನೆಯ ತಲೆಮಾರು ನಡೆಯುತ್ತಿದೆ. ಪರವಾನಗಿ ಪಡೆದ ನಿರ್ದೇಶಕ ಮತ್ತು ಶವಸಂರಕ್ಷಕ, ಕಚೇರಿ ನೋಡಿಕೊಳ್ಳುವ ಸೋದರತ್ತೆ, ಅಂತ್ಯಕ್ರಿಯೆಯ ದಿನ ಮಾತ್ರ ಬಂದು ಬಾಗಿಲು ತೆರೆಯುವ ನಿವೃತ್ತ ಅಂಚೆ ನೌಕರರು, ಇಷ್ಟೇ ಸಿಬ್ಬಂದಿ. ಇಲ್ಲಿ 1984ರಿಂದ ಒಂದು ಕೇಂದ್ರ ನಿಯಮ ಜಾರಿಯಲ್ಲಿದೆ: ನೇರವಾಗಿ ಬಂದು ಕೇಳಿದ ಯಾರಿಗಾದರೂ ಬಿಡಿಬಿಡಿಯಾಗಿ ದರಪಟ್ಟಿ ಕೊಡಲೇಬೇಕು, ಫೋನಿನಲ್ಲಿ ಕೇಳಿದರೂ ದರ ಹೇಳಬೇಕು, ಬೇಡದ್ದನ್ನು ಕಾನೂನಿನ ಹೆಸರು ಹೇಳಿ ತಲೆಗೆ ಕಟ್ಟುವಂತಿಲ್ಲ. ದುಃಖದಲ್ಲಿರುವವನು ಚೌಕಾಸಿ ಮಾಡಲಾರ ಎಂಬುದನ್ನು ಬಲ್ಲವರು ಮಾಡಿದ ನಿಯಮವದು. ನಮ್ಮ ಕಡೆಯೂ ಶೀತಲ ಪೆಟ್ಟಿಗೆಯ ಬಾಡಿಗೆಯನ್ನು ಗೋಡೆಯ ಮೇಲೆ ಬರೆದು ಹಾಕಿದರೆ ಯಾರಿಗೂ ನಷ್ಟವಿಲ್ಲ.

ಹಿಂಬದಿ ಸೀಟು:

ನಾನು ಚಾಲಕ. ತಾವೆಲ್ಲ ಬರೆಯುತ್ತಿರುವ ಅಂಗಡಿಯಲ್ಲಿ ಅಲ್ಲ, ಪಕ್ಕದ ತಾಲ್ಲೂಕಿನಲ್ಲಿ ಇಂಥದೇ ಒಂದು ವಾಹನ ಓಡಿಸುತ್ತೇನೆ. ಹೆಚ್ಚಿನ ಓಡಾಟ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ, ಇಲ್ಲವೇ ಮಣಿಪಾಲ, ಮಂಗಳೂರಿನಿಂದ ಹಳ್ಳಿಗೆ. ವಿದೇಶದಲ್ಲಿ ತೀರಿಕೊಂಡವರನ್ನು ತರಲು ಮಂಗಳೂರು ಅಥವಾ ಬೆಂಗಳೂರು ವಿಮಾನ ನಿಲ್ದಾಣಕ್ಕೇ ಹೋಗುತ್ತೇವೆ. 2023ರಲ್ಲಿ ಸೋಗಾನೆಯಲ್ಲಿ ನಿಲ್ದಾಣ ಶುರುವಾದ ಮೇಲೂ ವಿದೇಶದ ವಿಮಾನ ಅಲ್ಲಿಗೆ ಬರುವುದಿಲ್ಲವಲ್ಲ. ರಸ್ತೆ ಮುಗಿದ ಮೇಲಿನ ಅರ್ಧ ಮೈಲಿಯೇ ನಮ್ಮ ನಿಜವಾದ ಕೆಲಸ. ಜೀಪು ಕೂಡ ಇಳಿಯದ ಜಾರಿನಲ್ಲಿ ಸ್ಟ್ರೆಚರ್ ಉಪಯೋಗಕ್ಕೆ ಬಾರದು. ಆಗ ಅಡಿಕೆ ದಬ್ಬೆಯಲ್ಲಿ ಅಲ್ಲೇ ಸಿದಿಗೆ ಕಟ್ಟಿ ಹೊರುತ್ತೇವೆ.

ಜನರಿಗೆ ಗೊತ್ತಿರಬೇಕಾದ ಎರಡು ವಿಷಯ ಹೇಳುತ್ತೇನೆ. ಮರಣವನ್ನು 21 ದಿನಗಳೊಳಗೆ ನೋಂದಣಿ ಮಾಡಿಸಿ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ವರದಿ ಕಳಿಸುತ್ತಾರೆ. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ತಿಳಿಸಬೇಕು. ತಡವಾದಷ್ಟೂ ಶುಲ್ಕ, ಅನುಮತಿ ಎಂದು ಅಲೆದಾಟ ಹೆಚ್ಚುತ್ತದೆ, ವರ್ಷ ದಾಟಿದರೆ ದಂಡಾಧಿಕಾರಿಗಳ ಆದೇಶವೇ ಬೇಕು. ಪಹಣಿ ಬದಲಾವಣೆಗೆ ಹೋದಾಗ ಇದು ನೆನಪಾಗಿ ಕಣ್ಣಲ್ಲಿ ನೀರು ಹಾಕಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡನೆಯದು, ಮರಣೋತ್ತರ ಪರೀಕ್ಷೆ ಸೂರ್ಯಾಸ್ತದ ನಂತರ ಆಗುವುದೇ ಇಲ್ಲವೆಂದು ಈಗಲೂ ಹಲವರು ನಂಬಿದ್ದಾರೆ. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದೆಂದು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಹೇಳಿದೆ. ಕೊಲೆ, ಆತ್ಮಹತ್ಯೆ, ಅನುಮಾನಾಸ್ಪದ ಸಾವುಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಶೀತಲ ಪೆಟ್ಟಿಗೆಗೆ ಕರೆಂಟ್ ಬೇಕು, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ. ಜನರೇಟರ್ ಜೊತೆಗೆ ಒಯ್ಯುತ್ತೇವೆ. ವಿದೇಶದ ಮಗನಿಗಾಗಿ ಎರಡು ದಿನ ಕಾಯುವ ಮನೆಯಲ್ಲಿ ಆ ಜನರೇಟರಿಗೆ ಡೀಸೆಲ್ ಹಾಕುತ್ತ ಅಂಗಳದಲ್ಲಿ ಮಲಗಿದ ರಾತ್ರಿಗಳನ್ನು ಲೆಕ್ಕ ಇಟ್ಟಿಲ್ಲ. ಮದುವೆಗೆ ನಮ್ಮನ್ನು ಕರೆಯುವವರು ಕಡಿಮೆ, ಕರೆದರೂ ವಾಹನವನ್ನು ದೂರ ನಿಲ್ಲಿಸಿ ಬರಲು ಹೇಳುತ್ತಾರೆ. ಅದಕ್ಕೆ ಬೇಸರವಿಲ್ಲ, ದೂರವೇ ನಿಲ್ಲಿಸುತ್ತೇನೆ.

ತುಂಗಾತೀರ:

ಎಲ್ಲರ ಬರಹವನ್ನೂ ಅಂಗಡಿಯವರಿಗೆ ಓದಿ ಹೇಳಿದೆ. ‘ಗುದ್ದಲಿ’ಯವರ ಮಾತು ನನಗೂ ತಟ್ಟಿದೆ. ನನ್ನ ತಂದೆಯವರ ದಿನ ಬಂದಿದ್ದ ಆರು ಜನರಲ್ಲಿ ಯಜಮಾನರ ಹೆಸರು ಬಿಟ್ಟು ಬೇರೆ ಯಾರ ಹೆಸರನ್ನೂ ನಾನು ಕೇಳಿರಲಿಲ್ಲ ಎಂಬುದು ಇದನ್ನು ಓದುವಾಗ ಹೊಳೆಯಿತು. ಕಾಫಿ ಕೊಟ್ಟಿದ್ದೆವು, ಅದೂ ಅಂಗಳದಲ್ಲಿ. ಮೇಷ್ಟ್ರು ಹೇಳಿದ ನೆರೆಹೊರೆಯೂ ಸುಳ್ಳಲ್ಲ, ನಮ್ಮ ಸೌದೆ ಕೊಟ್ಟಿಗೆಗೆ ಅಂದು ಬಂದ ಕುಂಟೆಗಳಲ್ಲಿ ಅರ್ಧ ಪಕ್ಕದ ಮನೆಯ ಆ ವೃದ್ಧ ದಂಪತಿಗಳದ್ದು. ಆದರೆ ಅವುಗಳನ್ನು ಹೊತ್ತವರು ಅವರಲ್ಲ. ಲೆಕ್ಕದ ಪುಸ್ತಕಗಳನ್ನು ನೋಡಬಹುದೇ ಎಂದು ಕೇಳಿದ್ದೇನೆ. ಯಜಮಾನರು ತಮ್ಮ ಸೊಸೆಯ ಕಡೆಗೆ ಕೈ ತೋರಿಸಿದರು.

ಅಂಗಡಿಯ ಮನೆಯವಳು:

ನಮ್ಮ ಮಾವನವರು ಬರೆಯಲು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಮೊದಲು ಒಂದು ತಿದ್ದುಪಡಿ. ಅಜ್ಜ ಮಾಡಿದ ಮೊದಲ ಪೆಟ್ಟಿಗೆ ದೊಡ್ಡವರದಲ್ಲ, ಒಂದು ಮಗುವಿನದು. ಹಲಸಿನ ಹಲಗೆಯೂ ಅಲ್ಲ, ನಮ್ಮ ಅಜ್ಜಿಗಾಗಿ ಮಾಡುತ್ತಿದ್ದ ಪೆಟಾರಿಗೆ ಇಟ್ಟುಕೊಂಡಿದ್ದ ಸಾಗುವಾನಿ. ಅಜ್ಜಿಗೆ ಆಮೇಲೆ ಪೆಟಾರಿ ಆಗಲೇ ಇಲ್ಲ, ಆ ಮಾತನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಸಾಗರದ ಅಕ್ಕ ಕೇಳಿದ್ದಕ್ಕೆ ಹೇಳುತ್ತೇನೆ. ಮದುವೆಯಾಗಿ ಬಂದಾಗ ಫೋನ್ ಎತ್ತಲು ಹೆದರುತ್ತಿದ್ದೆ. ಅತ್ತೆಯವರು ಕಲಿಸಿದ್ದು ಇಷ್ಟು: "ಯಾರು" ಎಂದು ಕೇಳಬೇಡ, "ಎಲ್ಲಿ" ಎಂದು ಕೇಳು, ಎಲ್ಲಿ ಎಂದರೆ ಅವರೇ ಯಾರೆಂದು ಹೇಳುತ್ತಾರೆ. ಆಮೇಲೆ ಸುಡುವುದೋ, ಮಣ್ಣು ಮಾಡುವುದೋ ಕೇಳು. ಅಷ್ಟು ತಿಳಿದರೆ ಉಳಿದ ಸಾಮಾನು ನಮಗೇ ಗೊತ್ತಾಗುತ್ತದೆ. ಲಿಂಗಾಯತರಾದರೆ ಶವವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟಲು ಬಾಳೆಕಂಬ ಮತ್ತು ಹೂವು, ಕ್ರೈಸ್ತರಾದರೆ ಪೆಟ್ಟಿಗೆಯ ಅಳತೆ, ಬ್ರಾಹ್ಮಣರಾದರೆ ದರ್ಭೆ, ಎಳ್ಳು. ಮುಸಲ್ಮಾನರಿಗೆ ನಮ್ಮಿಂದ ಬೇಕಾಗುವುದು ಕಡಿಮೆ, ಜನಾಜಾ ಹೊರುವ ಮಂಚ ಮಸೀದಿಯಲ್ಲೇ ಇರುತ್ತದೆ. ಗೋರಿಯೊಳಗೆ ಅಡ್ಡ ಇಡುವ ಹಲಗೆಗೆ ಮಾತ್ರ ಬರುತ್ತಾರೆ. ಫೋನ್ ಇಡುವಾಗ "ಆಯಿತು, ಬನ್ನಿ" ಎನ್ನುವುದಿಲ್ಲ, ಅಂಗಡಿಯಿಂದ ಹೊರಡುವವರಿಗೆ "ಹೋಗಿ ಬನ್ನಿ" ಎನ್ನುವುದೂ ಇಲ್ಲ. ಸುಮ್ಮನೆ ತಲೆ ಆಡಿಸುತ್ತೇವೆ. ಈ ಅಭ್ಯಾಸ ಮೈಗೆ ಹತ್ತಿ, ಮನೆಗೆ ಬಂದ ನೆಂಟರನ್ನೂ ನಾನು ಹಾಗೆಯೇ ಕಳಿಸುತ್ತೇನೆಂದು ತವರಿನವರು ಬೈಯುತ್ತಾರೆ.

ದರವನ್ನು ಗೋಡೆಯ ಮೇಲೆ ಬರೆಯುವ ಮಾತು ಸರಿ, ಬರೆಯುತ್ತೇವೆ. ಆದರೆ 2021ರ ಮೇ ತಿಂಗಳ ಪುಟದಲ್ಲಿ ದರವೇ ಇಲ್ಲ. ಕೊರೋನಾದ ಎರಡನೆಯ ಅಲೆಯಲ್ಲಿ ಮನೆಯವರೇ ಹತ್ತಿರ ಬರಲಾಗದೆ ದೂರ ನಿಂತಿದ್ದರು. ನಮ್ಮವರು ಪ್ಲಾಸ್ಟಿಕ್ ಅಂಗಿ ತೊಟ್ಟು ಇಳಿಸಿ ಬಂದರು, ಯಾರ ಬಳಿ ಕೇಳುವುದು? ಊರೂ ದಿನಾಂಕವೂ ಬರೆದು ಪಕ್ಕದ ಜಾಗ ಖಾಲಿ ಬಿಟ್ಟಿದ್ದೇನೆ. ಕೆಲವರು ವರ್ಷದ ಮೇಲೆ ಬಂದು ಕೊಟ್ಟು ಹೋದರು.

ಲೆಕ್ಕದ ಪುಸ್ತಕಗಳನ್ನು ನಿನ್ನೆ ತೆಗೆದು ನೋಡಿದೆ. ಹಳೆಯವು ಗೆದ್ದಲು ತಿಂದು ಹೋಗಿವೆ, ಮಾವನವರ ಕೈಬರಹದ ಮೂರು ಉಳಿದಿವೆ. ಬಿದಿರು ಎಷ್ಟು, ಬಟ್ಟೆ ಎಷ್ಟು ಗಜ, ತುಪ್ಪ ಎಷ್ಟು ಸೇರು ಎಂಬುದೆಲ್ಲ ಸ್ಪಷ್ಟವಾಗಿದೆ, ಸತ್ತವರ ಹೆಸರು, ಮನೆ ಹೆಸರು ಸಹ. ಗುಂಡಿಯ ಸಾಲಿನಲ್ಲಿ ಮಾತ್ರ ಎಲ್ಲ ಕಡೆಯೂ "ಆಳು 2" ಎಂದಷ್ಟೇ ಇದೆ. ಮಾವನವರನ್ನು ಕೇಳಿದರೆ ಮುಖಗಳು ನೆನಪಿವೆ, ಹೆಸರು ಒಂದೆರಡೇ ಬರುತ್ತವೆ. ಗುದ್ದಲಿ ಅಣ್ಣ, ತಮ್ಮ ಅಜ್ಜನ ಮತ್ತು ದೊಡ್ಡಪ್ಪನ ಹೆಸರು ಹೇಳಿದರೆ ಆ ಸಾಲುಗಳ ಪಕ್ಕದಲ್ಲಿ ಬರೆಯುತ್ತೇನೆ. ಇಲ್ಲಿ ಬೇಡ, ಅಂಗಡಿಗೇ ಬನ್ನಿ. ನಿಮ್ಮನ್ನು "ಬನ್ನಿ" ಎಂದೇ ಕರೆಯುತ್ತಿದ್ದೇನೆ.

ಗುದ್ದಲಿ:

ಸಂತೆಯ ದಿನ ಬರುತ್ತೇನೆ ತಂಗಿ. ಅಜ್ಜನ ಜೊತೆ ಸದಾ ಇರುತ್ತಿದ್ದ ಇನ್ನೊಬ್ಬರ ಹೆಸರು ನನಗೂ ಗೊತ್ತಿಲ್ಲ, ದೊಡ್ಡಮ್ಮನನ್ನು ಕೇಳಿಕೊಂಡು ಬರಬೇಕು. ಅವರಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ, ಒಂದು ದಿನ ಹೆಚ್ಚು ಹಿಡಿಯಬಹುದು.